ಸರ್ಕಲ್ ಪ್ರತಿಮೆ ತೆಗೆಸೋಕೆ ಹೊಸ ಕಾಯ್ದೆ ಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ವಕೀಲ್ ಮೇಡಂ, ನಮಸ್ತೆ. ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್‌ನಲ್ಲಿ ರಾತ್ರೋರಾತ್ರಿ ಒಂದು ಪ್ರತಿಮೆ ಎದ್ದು ನಿಂತಿದೆ. ಯಾರದ್ದು ಅಂತ ಬರೆಯುವುದಿಲ್ಲ, ಬರೆದರೆ ಇಲ್ಲೇ ಜಗಳ ಶುರುವಾಗುತ್ತದೆ. ಒಂದು ಕಡೆಯವರು ಹಾರ ಹಾಕಿದರು, ಇನ್ನೊಂದು ಕಡೆಯವರು ಧರಣಿ ಕೂತರು. ಪೊಲೀಸರು ಅಡಿಕೆ ಒಣಗಿಸುವ ನೀಲಿ ಟಾರ್ಪಲ್ ಸುತ್ತಿ, ಹಗ್ಗ ಬಿಗಿದು ಹೋಗಿದ್ದಾರೆ. ಮಳೆಗಾಳಿಗೆ ರಾತ್ರಿಯಿಡೀ ಪಟಪಟ ಸದ್ದು. ಬಸ್ಸು ತಿರುಗಿಸೋಕೂ ಜಾಗ ಇಲ್ಲ. ಅಮೆರಿಕದಲ್ಲಿ ಒಂದು ಪ್ರತಿಮೆ ತೆಗೆಯಲು ಪಾರ್ಲಿಮೆಂಟೇ ಕಾಯ್ದೆ ಮಾಡಿತಂತೆ. ನಮ್ಮ ಎಂಎಲ್‌ಎ ಕೈಲಿ ಹಾಗೊಂದು ಮಸೂದೆ ತರಿಸಬಹುದಾ?

ವಕೀಲರು (ಶಿವಮೊಗ್ಗ): ಅಮೆರಿಕದ್ದು ಮೊದಲು ಹೇಳಿಬಿಡುತ್ತೇನೆ, ಅರ್ಧ ಉತ್ತರ ಅದರಲ್ಲೇ ಇದೆ. ನೀವು ಕೇಳಿದ್ದು ಬಹುಶಃ ರೋಜರ್ ಟೇನಿ ಪ್ರತಿಮೆಯ ವಿಷಯ. ಕಪ್ಪು ಜನರು ಗುಲಾಮರಾಗಿರಲಿ, ಬಿಡುಗಡೆಯಾದವರಿರಲಿ, ದೇಶದ ಪ್ರಜೆಗಳೇ ಅಲ್ಲ ಅಂತ 1857ರಲ್ಲಿ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಬರೆದ ಮುಖ್ಯ ನ್ಯಾಯಮೂರ್ತಿ ಆತ. ಅವನ ಪ್ರತಿಮೆ ಮಾಡಿಸುವ ಮಾತು 1865ರಲ್ಲಿ ಬಂದಾಗಲೇ ಸೆನೆಟರ್ ಚಾರ್ಲ್ಸ್ ಸಮ್ನರ್ ಅಡ್ಡ ನಿಂತಿದ್ದರು. 1874ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಪಾರ್ಲಿಮೆಂಟ್, ಮಂಜೂರು ಮಾಡಿತು. 2022ರ ಡಿಸೆಂಬರ್‌ನಲ್ಲಿ ಬೈಡನ್ ಸಹಿ ಹಾಕಿದ ಕಾಯ್ದೆ ಅದನ್ನು ತೆಗೆದು, ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಪ್ರತಿಮೆ ಮಾಡಿಸಲು ಹೇಳಿತು. ನೋಡಿ, ಅದು ಇದ್ದದ್ದು ಪಾರ್ಲಿಮೆಂಟ್ ಕಟ್ಟಡದ ಒಳಗೆ. ಅವರ ಮನೆ, ಅವರೇ ಇಟ್ಟಿದ್ದು, ಅವರೇ ತೆಗೆದರು.

ನಿಮ್ಮದು ಹಾಗಲ್ಲವಲ್ಲ. ರಸ್ತೆ ಮಧ್ಯೆ, ಕತ್ತಲಲ್ಲಿ ಇಟ್ಟಿದ್ದು. ಸಾರ್ವಜನಿಕ ರಸ್ತೆ, ಫುಟ್‌ಪಾತ್, ಜನರ ಬಳಕೆಯ ಜಾಗಗಳಲ್ಲಿ ಪ್ರತಿಮೆ ಇಡಲು ಯಾವ ರಾಜ್ಯ ಸರ್ಕಾರವೂ ಅನುಮತಿ ಕೊಡಕೂಡದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ಆದೇಶ ಮಾಡಿದೆ. ಹೊಸ ಕಾಯ್ದೆ ಯಾಕೆ? ಇರುವ ಆದೇಶ ಜಾರಿ ಮಾಡಿ ಅಂತ ಕೇಳಿದರೆ ಸಾಕು.

ಮೊದಲ ಕೆಲಸ, ಆರ್‌ಟಿಐ ಅರ್ಜಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಊರ ಪುರಾಣ ಬರೆಯಬೇಡಿ, ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಜಾಗ ಯಾರ ಹೆಸರಲ್ಲಿದೆ, ಯಾರು ಅನುಮತಿ ಕೊಟ್ಟರು, ಅದರ ಪ್ರತಿ ಕೊಡಿ. ಇಷ್ಟೇ. ಆ ಕಾಗದ ಹಿಡಿದು ಡಿಸಿಗೆ ಮನವಿ ಕೊಡಿ. ಅಲ್ಲೂ ಆಗದಿದ್ದರೆ ಹೈಕೋರ್ಟ್. ನಮ್ಮ ಜಿಲ್ಲೆಗೆ ಬೆಂಗಳೂರು ಪೀಠ, ಧಾರವಾಡ ಅಲ್ಲ.

ಪ್ರಶ್ನೆ (ಸಾಗರದಿಂದ): ಪಟ್ಟಣ ಪಂಚಾಯಿತಿ ಠರಾವು ಮಾಡಿ ಒಪ್ಪಿಗೆ ಕೊಟ್ಟಿದ್ದರೆ?

ವಕೀಲರು: ಠರಾವು ಸುಪ್ರೀಂ ಕೋರ್ಟಿಗಿಂತ ದೊಡ್ಡದಲ್ಲ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಡಿಸಿಗೆ ಇದೆ. ಹಳೇ ಪ್ರತಿಮೆಯಾದರೆ ಮಾತು ಬೇರೆ, ಅದಕ್ಕೆ ತಾಳ್ಮೆ ಬೇಕು. ಮದ್ರಾಸಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ನೀಲ್‌ನ ಪ್ರತಿಮೆ ವಿರುದ್ಧ 1927ರಲ್ಲಿ ಸತ್ಯಾಗ್ರಹ ಶುರುವಾಯಿತು. ಅದು ಮ್ಯೂಸಿಯಂ ಸೇರಿದ್ದು 1937ರಲ್ಲಿ, ರಾಜಾಜಿ ಸರ್ಕಾರ ಬಂದ ಮೇಲೆ. ಇನ್ನು ಮಸೂದೆ ಅಂತ ಹೋದರೆ ನಿಮಗೆ ಬೇಕಾದ್ದೇ ಬರುತ್ತದೆ ಅಂತ ಏನೂ ಇಲ್ಲ. ಅಮೆರಿಕದ್ದೇ ಅಲಬಾಮಾ ರಾಜ್ಯ 2017ರಲ್ಲಿ, 40 ವರ್ಷ ದಾಟಿದ ಸ್ಮಾರಕವನ್ನು ಊರಿನವರು ಮುಟ್ಟಬಾರದು ಅಂತ ಕಾಯ್ದೆ ಮಾಡಿಕೊಂಡಿತು.

ತೀರ್ಥಹಳ್ಳಿ ಕಡೆಯವರು: ಮೇಡಂ, ಈಗ ಹೊಸ ವಿಷಯ. ಟಾರ್ಪಲ್ ಮೇಲೇ ಕುಂಕುಮ ಹಚ್ಚಿ, ದಿನಾ ಊದಿನಕಡ್ಡಿ ಹಚ್ಚೋಕೆ ಶುರು ಮಾಡಿದ್ದಾರೆ. ಇನ್ನು ದೇವಸ್ಥಾನ ಅಂತಾರೆ, ಮುಟ್ಟೋ ಹಾಗಿಲ್ಲ ಅಂತಾರೆ.

ವಕೀಲರು: ಇದನ್ನು ಯಾರೋ ತಿಳಿದವರೇ ಹೇಳಿಕೊಟ್ಟಿದ್ದಾರೆ! ನಂಜನಗೂಡು ತಾಲ್ಲೂಕಿನ ಹುಚ್ಚಗಣಿ ದೇವಸ್ಥಾನ ಕೆಡವಿದ ಗಲಾಟೆ ಆದ ಮೇಲೆ, 2021ರಲ್ಲಿ ನಮ್ಮ ರಾಜ್ಯ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ತಂದಿತು. ಆದರೆ ಅದು ಕಾಯುವುದು ಕಾಯ್ದೆ ಬರುವ ಮೊದಲೇ ಇದ್ದ ಗುಡಿ, ಮಸೀದಿ, ಚರ್ಚುಗಳನ್ನು. ಮೊನ್ನೆ ಇಟ್ಟ ಪ್ರತಿಮೆಗೆ ಇವತ್ತು ಊದಿನಕಡ್ಡಿ ಹಚ್ಚಿದರೆ ಅದು 2021ಕ್ಕೆ ಹೋಗಿ ಕೂರುವುದಿಲ್ಲ. ಈಗಲೇ ಫೋಟೋ ತೆಗೆದಿಡಿ, ತಾರೀಖು ಕಾಣುವ ಹಾಗೆ. ಒಂದು ಮಾತು, ರಾತ್ರಿ ನಾಲ್ಕು ಹುಡುಗರು ಸೇರಿ ಕಿತ್ತುಹಾಕುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಇಟ್ಟವರ ಮೇಲೆ ಬರಬೇಕಾದ ಕೇಸು ನಿಮ್ಮ ಮೇಲೆ ಬೀಳುತ್ತದೆ.

ಪ್ರಶ್ನೆ (ಹೊಸನಗರದಿಂದ): ಸುಮ್ನೆ ಕೇಳ್ತೀನಿ, ಹೀಗೆ ಮುಸುಕು ಹಾಕಿ ಎಷ್ಟು ದಿನ ಇಡಬಹುದು?

ವಕೀಲರು: ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ 18 ವರ್ಷ ಮುಸುಕಿನೊಳಗೇ ಇದ್ದರು. 1991ರಲ್ಲಿ ಇಟ್ಟಿದ್ದು, 2009ರ ಆಗಸ್ಟ್‌ನಲ್ಲಿ ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ತೆರೆ ಸರಿಯಿತು. ಅದಕ್ಕೆ ಬದಲಾಗಿ ಚೆನ್ನೈನಲ್ಲಿ ಸರ್ವಜ್ಞ ನಿಂತ. ಕೋರ್ಟು, ಮಸೂದೆ ಎಲ್ಲಕ್ಕಿಂತ ಇಬ್ಬರು ಮುಖ್ಯಮಂತ್ರಿಗಳ ಕೊಡುಕೊಳ್ಳುವಿಕೆಯೇ ಅಲ್ಲಿ ಕೆಲಸ ಮಾಡಿದ್ದು.

ತೀರ್ಥಹಳ್ಳಿ ಕಡೆಯವರು: 18 ವರ್ಷನಾ! ಮೇಡಂ, ಆರ್‌ಟಿಐ ನಾಳೆಯೇ ಹಾಕುತ್ತೇನೆ. ಆದರೆ ಆ ಟಾರ್ಪಲ್ ನಮ್ಮ ಭಾವನದ್ದು. ಅಂಗಳದಿಂದ ತಗೊಂಡು ಹೋಗಿದ್ದರು. ಕೊಯ್ಲು ಶುರುವಾಗುವ ಮೊದಲು ವಾಪಸ್ ಕೇಳಬಹುದಾ?

ವಕೀಲರು: ಧಾರಾಳವಾಗಿ ಕೇಳಿ. ತಗೊಂಡು ಹೋಗುವಾಗ ರಸೀದಿ ಏನಾದರೂ ಕೊಟ್ಟಿದ್ದಾರಾ?