ಪುಸ್ತಕ ನೋಡಿ ಹಾಡಬಾರದೆಂದರೆ, ಭಾತಖಂಡೆಯವರು ಆ ಪುಸ್ತಕ ಬರೆದದ್ದೇಕೆ?

ಪ್ರಶ್ನೆ: ವೀಣೆ ಕಲಿತವಳು

ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸೀನಿಯರ್ ಪರೀಕ್ಷೆಯವರೆಗೆ ವೀಣೆ ಕಲಿತವಳು. ಮದುವೆಯ ನಂತರ ಧಾರವಾಡಕ್ಕೆ ಬಂದೆ. ಈಗ ಮಗಳು ಇಲ್ಲಿ ಹಿಂದೂಸ್ಥಾನಿ ಗಾಯನ ಕಲಿಯುತ್ತಿದ್ದಾಳೆ. ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕಾ’ವನ್ನು ಕೊಂಡುಕೊಳ್ಳುವಂತೆ ಹೇಳಿದವರು ಅವಳ ಗುರುಗಳೇ. ಆದರೆ ಪಾಠದ ಹೊತ್ತಿನಲ್ಲಿ ಅದು ಚೀಲದಿಂದ ಹೊರಬಂದರೆ ಅವರಿಗೆ ಸಿಟ್ಟು ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಥಾಟು (ರಾಗಗಳನ್ನು ವಿಂಗಡಿಸುವ ಸ್ವರಗುಂಪು), ವಾದಿ (ರಾಗದ ಮುಖ್ಯ ಸ್ವರ), ಸಂವಾದಿ (ಅದಕ್ಕೆ ಜೊತೆಯಾಗುವ ಎರಡನೆಯ ಸ್ವರ), ಹಾಡುವ ಸಮಯ ಎಲ್ಲವನ್ನೂ ಅದೇ ಪುಸ್ತಕದಿಂದ ಬಾಯಿಪಾಠ ಮಾಡಿಸುತ್ತಾರೆ.

ವಕೀಲರಾಗಿದ್ದ ಭಾತಖಂಡೆಯವರು ಇಡೀ ಉತ್ತರ ಭಾರತದ ಸಂಗೀತ ಶಿಕ್ಷಣಕ್ಕೆ ಪಠ್ಯ ಬರೆಯುವ ಮಟ್ಟಕ್ಕೆ ಬಂದದ್ದು ಹೇಗೆ? ಅವರ ಹತ್ತು ಥಾಟುಗಳು ನಮ್ಮ ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳನ್ನೇ (ರಾಗಗಳ ಮೂಲ ಸ್ವರಗುಂಪುಗಳನ್ನೇ) ಕತ್ತರಿಸಿ ಮಾಡಿದವೇ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಸಂಗೀತ ಉಪನ್ಯಾಸಕ

ಭಾತಖಂಡೆಯವರು 1860ರ ಆಗಸ್ಟ್ 10ರಂದು ಮುಂಬೈಯ ವಾಲ್ಕೇಶ್ವರದಲ್ಲಿ ಹುಟ್ಟಿದರು. ಓದುತ್ತಿರುವಾಗಲೇ ಸಿತಾರ್ ಕಲಿತರು. 1884ರಲ್ಲಿ, ಪಾರಸಿಗಳು ನಡೆಸುತ್ತಿದ್ದ ಗಾಯನ ಉತ್ತೇಜಕ ಮಂಡಳಿಯನ್ನು ಸೇರಿ ಅಲ್ಲಿಗೆ ಬರುತ್ತಿದ್ದ ಗವಾಯಿಗಳಿಂದ ಧ್ರುಪದ, ಖಯಾಲು ಶೈಲಿಯ ಹಾಡುಗಳನ್ನು ಸಂಗ್ರಹಿಸತೊಡಗಿದರು. ಕಾನೂನು ಪದವಿ ಪಡೆದು ವಕೀಲಿ ನಡೆಸಿದರಾದರೂ, ಹೆಂಡತಿಯೂ ಒಬ್ಬಳೇ ಮಗಳೂ ಕೆಲವೇ ವರ್ಷಗಳ ಅಂತರದಲ್ಲಿ ತೀರಿಕೊಂಡ ಮೇಲೆ ಆ ವೃತ್ತಿಯನ್ನು ಬಿಟ್ಟು, ಉಳಿದ ಬದುಕನ್ನೆಲ್ಲ ಸಂಗೀತಕ್ಕೆ ಕೊಟ್ಟರು.

ವಕೀಲಿಯನ್ನು ಬಿಟ್ಟರೂ ವಕೀಲನ ಮನಸ್ಸು ಅವರನ್ನು ಬಿಡಲಿಲ್ಲ ಎಂಬುದು ನನ್ನ ಅನಿಸಿಕೆ. ಸಂಸ್ಕೃತ ಗ್ರಂಥಗಳು ಹೇಳುವ ರಾಗಕ್ಕೂ ತಮ್ಮ ಕಾಲದ ಕಲಾವಿದರು ಹಾಡುತ್ತಿದ್ದ ರಾಗಕ್ಕೂ ತಾಳೆಯಾಗದಿದ್ದುದನ್ನು ಕಂಡು, ಸಾಕ್ಷಿಗಳನ್ನು ವಿಚಾರಿಸುವವರಂತೆ ಊರೂರು ತಿರುಗಿದರು. 1904ರಲ್ಲಿ ಅವರು ದಕ್ಷಿಣಕ್ಕೆ ಬಂದು ಎಟ್ಟಯಪುರದಲ್ಲಿ ಸಂಗೀತ ವಿದ್ವಾಂಸ ಸುಬ್ಬರಾಮ ದೀಕ್ಷಿತರನ್ನು ಕಂಡರು. ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚಾದದ್ದೂ ಅದೇ ವರ್ಷ. ಎಪ್ಪತ್ತೆರಡು ಮೇಳಗಳ ಲೆಕ್ಕ ಕೊಟ್ಟ ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’ಯ ಪರಿಚಯ ಅವರಿಗಾದದ್ದು ಈ ಪ್ರವಾಸದಲ್ಲಿಯೇ. ಹಾಗಾಗಿ ನಿಮ್ಮ ಊಹೆಯಲ್ಲಿ ಹುರುಳಿದೆ. ಆದರೆ ಅವರು ಮೇಳಗಳನ್ನು ಕತ್ತರಿಸಿದರು ಎನ್ನುವುದಕ್ಕಿಂತ, ಉತ್ತರದಲ್ಲಿ ಚಾಲ್ತಿಯಲ್ಲಿದ್ದ ರಾಗಗಳನ್ನು ಮುಂದಿಟ್ಟುಕೊಂಡು, ಅವುಗಳನ್ನು ಹೊಂದಿಸಲು ಬೇಕಾದಷ್ಟು ಮೇಳಗಳನ್ನು ಮಾತ್ರ ಆರಿಸಿಕೊಂಡರು ಎನ್ನುವುದು ಸರಿ. ಬಿಲಾವಲ್ ಎಂದರೆ ನಿಮ್ಮ ಧೀರಶಂಕರಾಭರಣ, ಕಾಫಿ ಎಂದರೆ ಖರಹರಪ್ರಿಯ, ಭೈರವ್ ಎಂದರೆ ನೀವು ಸರಳೆ ವರಸೆ ಕಲಿತ ಮಾಯಾಮಾಳವಗೌಳ. ತೋಡಿಯ ಹೆಸರು ಕೇಳಿ ಮಾತ್ರ ಮೋಸಹೋಗಬೇಡಿ: ಅವರ ತೋಡಿ ನಿಮ್ಮ ಶುಭಪಂತುವರಾಳಿ, ನಿಮ್ಮ ಹನುಮತೋಡಿ ಅಲ್ಲಿ ಭೈರವಿ.

ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಮೆಟ್ಟಿಲುಗಳು ದಕ್ಷಿಣದಲ್ಲಿ ಯಾವ ಊರಿನ ಯಾವ ಗುರುವಿನ ಬಳಿ ಹೋದರೂ ಹೆಚ್ಚುಕಡಿಮೆ ಒಂದೇ. ಪುರಂದರದಾಸರೇ ಅವನ್ನು ಹಾಕಿಕೊಟ್ಟರೆಂದು ನಂಬಿ ಕಲಿಯುತ್ತೇವೆ. ಉತ್ತರದಲ್ಲಿ ಎಲ್ಲ ಘರಾಣೆಗಳೂ (ಗಾಯನ ಪರಂಪರೆಗಳೂ) ಒಪ್ಪಿದ ಅಂತಹ ಏಣಿ ಇರಲಿಲ್ಲ. ಗುರು ಮನಸ್ಸು ಮಾಡಿದಾಗ, ಮನಸ್ಸು ಮಾಡಿದಷ್ಟು ಕಲಿಸುತ್ತಿದ್ದ. ಭಾತಖಂಡೆಯವರ ಪುಸ್ತಕದ ಹೆಸರಿನಲ್ಲಿರುವ ‘ಕ್ರಮಿಕ’ ಎಂಬ ಮಾತಿಗೆ ಈ ಹಿನ್ನೆಲೆಯಲ್ಲಿಯೇ ಅರ್ಥ ಬರುವುದು. ಆರು ಭಾಗಗಳ ಆ ಮಾಲಿಕೆ ಸುಲಭದ ರಾಗಗಳಿಂದ ಹೊರಟು ಅಪರೂಪದ ರಾಗಗಳವರೆಗೆ ಏರುತ್ತದೆ; ಘರಾಣೆಗಳ ಮನೆಯೊಳಗೆ ಉಳಿದಿದ್ದ ಸಾವಿರಕ್ಕೂ ಮಿಕ್ಕ ಬಂದಿಶುಗಳನ್ನು, ಅಂದರೆ ರಾಗದಲ್ಲಿ ಕಟ್ಟಿದ ಹಾಡುಗಳನ್ನು, ಸ್ವರಲಿಪಿಯೊಡನೆ ಯಾರು ಬೇಕಾದರೂ ಕೊಳ್ಳಬಹುದಾದ ಪುಸ್ತಕಕ್ಕೆ ತಂದಿತು. ಕೋಮಲ (ತಗ್ಗಿಸಿದ) ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ಉದ್ದಗೆರೆ, ಮಂದ್ರ ಸ್ಥಾಯಿಗೆ ಕೆಳಗೆ ಚುಕ್ಕೆ, ತಾರ ಸ್ಥಾಯಿಗೆ ಮೇಲೆ ಚುಕ್ಕೆ. ಇಷ್ಟು ತಿಳಿದರೆ ಓದಲು ಬಂದಂತೆಯೇ.

ಇದಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವ ಗ್ರಂಥ ‘ಹಿಂದುಸ್ಥಾನಿ ಸಂಗೀತ ಪದ್ಧತಿ’. ಮರಾಠಿಯಲ್ಲಿರುವ ಅದರ ನಾಲ್ಕು ಸಂಪುಟಗಳೂ ಗುರುಶಿಷ್ಯರ ಸಂವಾದದ ರೂಪದಲ್ಲಿವೆ. ಅಲ್ಲಿ ಶಿಷ್ಯ ಪ್ರಶ್ನೆ ಕೇಳುತ್ತಾನೆ, ಗುರು ಹಳೆಯ ಗ್ರಂಥಗಳ ಮತಗಳನ್ನು ಒಂದೊಂದಾಗಿ ತೂಗುತ್ತಾನೆ. ಹೀಗೆ ಪ್ರಶ್ನೆಯಿಂದಲೇ ಬೆಳೆದ ಶಾಸ್ತ್ರವನ್ನು ನಮ್ಮ ಪರೀಕ್ಷೆಗಳು ಎರಡು ಅಂಕದ ಉತ್ತರಗಳನ್ನಾಗಿ ಒಡೆದವು, ಮತ್ತು ಮೂವತ್ತು ವರ್ಷ ಪಾಠ ಹೇಳಿದ ನಾನೂ ಆ ಪಾಪದಲ್ಲಿ ಪಾಲುದಾರ.

ಸಂಸ್ಥೆಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 1916ರಲ್ಲಿ ಬರೋಡದ ಮಹಾರಾಜರ ಆಶ್ರಯದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತನ್ನು ನಡೆಸಿದರು. 1918ರಲ್ಲಿ ಗ್ವಾಲಿಯರಿನ ಮಾಧವ ಸಂಗೀತ ಮಹಾವಿದ್ಯಾಲಯ, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಆರಂಭವಾದವು. ಆ ಮ್ಯಾರಿಸ್ ಕಾಲೇಜೇ ಇಂದು ಅವರ ಹೆಸರಿನ ವಿಶ್ವವಿದ್ಯಾಲಯವಾಗಿದೆ. 1936ರ ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು.

ಉತ್ತರ: ಖಯಾಲಿನ ಹುಚ್ಚಿನವ

ಉಪನ್ಯಾಸಕರು ಗೌರವದಿಂದ ಬರೆದಿದ್ದಾರೆ. ಆ ಗೌರವ ನನಗೂ ಇದೆ. ಆದರೂ ಎರಡು ಮಾತು ಸೇರಿಸದಿದ್ದರೆ ಚಿತ್ರ ಪೂರ್ತಿಯಾಗದು.

ಮೊದಲನೆಯದಾಗಿ, ಥಾಟಿನ ಲೆಕ್ಕ ಎಷ್ಟೋ ಕಡೆ ಕೂಡುವುದಿಲ್ಲ. ಭೂಪಾಲಿ, ದೇಶಕಾರ್ ರಾಗಗಳೆರಡಕ್ಕೂ ಅವೇ ಐದು ಸ್ವರಗಳು. ಎರಡರಲ್ಲಿಯೂ ಮಧ್ಯಮವಿಲ್ಲ, ನಿಷಾದವಿಲ್ಲ. ಕಲ್ಯಾಣ್ ಮತ್ತು ಬಿಲಾವಲ್ ಥಾಟುಗಳ ನಡುವಿನ ವ್ಯತ್ಯಾಸವಿರುವುದೇ ಮಧ್ಯಮದಲ್ಲಿ. ಹಾಗಿರುವಾಗ ಮಧ್ಯಮವೇ ಇಲ್ಲದ ಭೂಪಾಲಿ ಕಲ್ಯಾಣಕ್ಕೆ, ದೇಶಕಾರ್ ಬಿಲಾವಲಕ್ಕೆ ಸೇರಿದ್ದು ಸ್ವರಗಳಿಂದಲ್ಲ, ಚಲನೆಯಿಂದ. ಅಹೀರ್ ಭೈರವದ ಸ್ವರಗಳು ಹತ್ತರಲ್ಲಿ ಯಾವ ಥಾಟಿಗೂ ಹೊಂದುವುದಿಲ್ಲ. ನಿಮ್ಮ ಚಕ್ರವಾಕ ಮೇಳದಲ್ಲಿ ಅದು ಸಲೀಸಾಗಿ ಕುಳಿತುಕೊಳ್ಳುತ್ತದೆ. ದರಬಾರಿ ರಾಗದ ಗಾಂಧಾರವನ್ನೂ ಜೌನಪುರಿ ರಾಗದ ಗಾಂಧಾರವನ್ನೂ ಪುಸ್ತಕ ಒಂದೇ ಅಡ್ಡಗೆರೆಯಿಂದ ತೋರಿಸುತ್ತದೆ. ದರಬಾರಿಯ ಗಾಂಧಾರದ ಆ ಆಂದೋಲನವನ್ನು, ನಿಧಾನದ ತೂಗಾಟವನ್ನು, ಗುರುವಿನ ಎದುರು ಕುಳಿತು ತಿಂಗಳುಗಟ್ಟಲೆ ತಾಲೀಮು ಮಾಡದೆ ಯಾರೂ ಪಡೆದದ್ದನ್ನು ನಾನು ಕಂಡಿಲ್ಲ. ನಿಮ್ಮ ಮಗಳ ಗುರುಗಳ ಸಿಟ್ಟಿಗೆ ಕಾರಣ ಇದೇ ಇರಬೇಕು.

ಎರಡನೆಯದು ಸ್ವಲ್ಪ ಕಹಿಯಾದ ಮಾತು. ಅವರ ಸಂಗ್ರಹದ ಬಹುಪಾಲು ಬಂದಿಶುಗಳು ಬಂದದ್ದು ಜೈಪುರದ ಮಹಮ್ಮದ್ ಅಲಿ ಖಾನರಂತಹ ಉಸ್ತಾದರಿಂದ, ರಾಂಪುರದಂತಹ ದರಬಾರಿನಿಂದ. ಅದೇ ಉಸ್ತಾದರ ಸಮುದಾಯವನ್ನು ಶಾಸ್ತ್ರ ಅರಿಯದವರೆಂದು ಹಗುರವಾಗಿ ಕಾಣುವ ಧಾಟಿ ಅವರ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಗ್ರಂಥ ಓದಿದವನೇ ಪಂಡಿತ, ಹಾಡುವವನು ಬರೀ ಗವಾಯಿ ಎಂಬ ಭೇದಕ್ಕೆ ಇದರಿಂದ ಬಲ ಬಂದಿತೆಂದು ಹೇಳದೆ ಅವರ ಪ್ರಭಾವದ ಮಾತು ಮುಗಿಸುವಂತಿಲ್ಲ.

ಉತ್ತರ: ಬೆಳಗಾವಿ ಕಡೆಯವ

ಆಕ್ಷೇಪವನ್ನು ಒಪ್ಪುತ್ತಲೇ ನಮ್ಮ ನಾಡಿನ ನಂಟನ್ನೂ ನೆನಪಿಸುತ್ತೇನೆ. ಭಾತಖಂಡೆಯವರು ಹಳೆಯ ಪದ್ಧತಿಗಳನ್ನು ಹೋಲಿಸಿ ಬರೆಯುವಾಗ ಆಧಾರವಾಗಿಟ್ಟುಕೊಂಡ ಗ್ರಂಥಗಳಲ್ಲಿ ಪುಂಡರೀಕ ವಿಠ್ಠಲನ ‘ಸದ್ರಾಗಚಂದ್ರೋದಯ’ವೂ ಒಂದು. ಹದಿನಾರನೆಯ ಶತಮಾನದ ಪುಂಡರೀಕ ಕರ್ನಾಟಕದಿಂದ ಉತ್ತರಕ್ಕೆ ಹೋಗಿ, ಎರಡೂ ಸಂಗೀತಗಳನ್ನು ಬಲ್ಲವನಾಗಿ ಗ್ರಂಥ ರಚಿಸಿದವನು.

ಇನ್ನು ಶಿಷ್ಯಪರಂಪರೆ. ಭಾತಖಂಡೆಯವರ ಮುಖ್ಯ ಶಿಷ್ಯ ಶ್ರೀಕೃಷ್ಣ ನಾರಾಯಣ ರತನಜನಕರ್ ಲಖನೌ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರ್, ಬೈಲಹೊಂಗಲದಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಇಬ್ಬರೂ ರತನಜನಕರರ ಬಳಿ ಕಲಿತರು. ಗಿಂಡೆಯವರು ಹನ್ನೊಂದರ ಬಾಲಕನಾಗಿ ಲಖನೌಗೆ ಹೋಗಿ ರತನಜನಕರರ ಮನೆಯಲ್ಲಿಯೇ ಮಗನಂತೆ ಬೆಳೆದರು. ಅಂದರೆ, ಪಠ್ಯಕ್ರಮ, ತರಗತಿ, ಪರೀಕ್ಷೆಗಳಿಗೆ ಹೆಸರಾದ ಆ ಕಾಲೇಜಿನ ಅತ್ಯುತ್ತಮ ವಿದ್ಯಾರ್ಥಿಗಳಲ್ಲೊಬ್ಬರು ತಯಾರಾದದ್ದು ಗುರುವಿನ ಮನೆಯಲ್ಲಿ. ಅವರು ಪುಸ್ತಕವನ್ನೂ ತಾಲೀಮನ್ನೂ ಎದುರಾಳಿಗಳೆಂದು ಎಣಿಸಿದಂತೆ ನನಗೆ ಕಾಣುವುದಿಲ್ಲ. ಕಂಠದಲ್ಲಿ ಇಳಿದ ಬಂದಿಶು ಕಾಲಕ್ರಮದಲ್ಲಿ ಮಸುಕಾಗದಿರಲೆಂದು ಪುಸ್ತಕ ಕಪಾಟಿನಲ್ಲಿರುತ್ತಿತ್ತು.

ಮತ್ತೆ: ವೀಣೆ ಕಲಿತವಳು

ಮೂವರಿಗೂ ಕೃತಜ್ಞಳು. ನಿನ್ನೆ ಮಗಳ ಗುರುಗಳಲ್ಲಿ ಭೂಪಾಲಿ ಮತ್ತು ದೇಶಕಾರದ ವಿಷಯ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮಗಳಿಗೆ ಗಾಂಧಾರದ ಮೇಲೆ ನಿಂತು ಅದೇ ಐದು ಸ್ವರಗಳನ್ನು ಹಾಡಲು ಹೇಳಿ, ಬಳಿಕ ತಾವು ಮೇಲಿನ ಧೈವತದಿಂದ ಆರಂಭಿಸಿ ಹಾಡಿ ತೋರಿಸಿದರು. ನನ್ನ ಕಿವಿಗೆ ಎರಡೂ ನಮ್ಮ ಮೋಹನ ರಾಗವೇ ಅನ್ನಿಸಿದವು. ಮಗಳು ಮಾತ್ರ ಒಂದು ಸಂಜೆಯದು, ಇನ್ನೊಂದು ಬೆಳಗಿನದು ಎಂದು ಥಟ್ಟನೆ ಹೇಳಿದಳು.

ಮನೆಗೆ ಬಂದು ಅವಳು ಕಲಿತ ಯಮನ್ ಬಂದಿಶನ್ನು ಪುಸ್ತಕದಲ್ಲಿ ಹುಡುಕಿದೆವು. ಅಂತರಾದ (ಬಂದಿಶಿನ ಎರಡನೆಯ ಭಾಗದ) ಎರಡನೆಯ ಸಾಲಿನ ಸ್ವರಗಳು ಗುರುಗಳು ಕಲಿಸಿದ್ದಕ್ಕಿಂತ ಬೇರೆಯಾಗಿವೆ. ಅವರ ಪಾಠವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆವು. ಫೋನು ಮಾಡಿ ಕೇಳಿದರೆ, ಅಚ್ಚಾದದ್ದನ್ನು ಅಳಿಸಬೇಡಿ, ಎರಡೂ ಇರಲಿ ಎಂದರು.