ಸ್ಟೇಟಸ್ಸಿಗೆ ಬಾರದ ಕಾರು

ಶಿವು ಕಾರು ತಗೊಂಡು ಆಗಲೇ ತಿಂಗಳಾಗಿತ್ತಂತೆ. ನಮಗೆ ಗೊತ್ತಾಗಿದ್ದು ಮಾತ್ರ ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ತಿರ ಅವನು ಅದರಿಂದ ಇಳಿದಾಗ. ಮಂಜನಿಗೆ ಕುಡೀತಿದ್ದ ಟೀ ನೆತ್ತಿಗೆ ಹತ್ತಿತು.

"ಲೋ, ಒಂದು ಸ್ಟೇಟಸ್ ಇಲ್ಲ, ಫೋಟೊ ಇಲ್ಲ. ಕದ್ದು ತಂದ್ಯೇನೋ?"

"ಹೆಂಡ್ತಿಗೆ ಗೊತ್ತು, ಬ್ಯಾಂಕಿಗೆ ಗೊತ್ತು. ಇನ್ಯಾರಿಗೆ ಹೇಳ್ಬೇಕಿತ್ತು?"

"ಶೋರೂಮಲ್ಲಿ ಸುಮ್ನೆ ಬಿಟ್ರಾ?"

"ಎಲ್ಲಿ ಬಿಡ್ತಾರೆ! ಕಾರಿಗೆ ಕೆಂಪು ಸ್ಯಾಟಿನ್ ಬಟ್ಟೆ ಹೊದಿಸಿದ್ರು. ಮನೆಯವರೆಲ್ಲ ಸೇರಿ ಎಳೀಬೇಕಂತೆ. ಆಮೇಲೆ ಕೇಕು. ಅದಾದ್ಮೇಲೆ ನನ್ನ ಮೊಮ್ಮಗನಷ್ಟು ಉದ್ದದ ಥರ್ಮಾಕೋಲ್ ಕೀ! 'ಹಿಡ್ಕೊಂಡು ನಗಿ ಸಾರ್' ಅಂದ ಹುಡುಗ. ಇದು ಯಾವ ಬಾಗಿಲಿಗಪ್ಪಾ ಅಂದೆ. 'ಫೋಟೊಗೆ ಸಾರ್.' ಸಣ್ಣ ಕೀ ಕೊಡು, ಟೈರಿನಡಿ ನಿಂಬೆಹಣ್ಣಿಟ್ಟು ಹೊರಡ್ತೀನಿ ಅಂದೆ."

"ನನ್ನ ಷಡ್ಡಕ ಅಂಥದ್ದೇ ಕೀ ಹಿಡ್ಕೊಂಡು ರೀಲ್ ಮಾಡ್ದ. ಅವತ್ತಿಂದ ನಮ್ಮನೇಲಿ ಶಾಂತಿ ಇಲ್ಲ."

ಬ್ಯಾಂಕಿನಿಂದ ರಿಟೈರಾದ ಪದ್ಮಕ್ಕ ಬಾಯಿ ಹಾಕಿದರು. "ವಾಟ್ಸಾಪ್ ಸ್ಟೇಟಸ್ 24 ಗಂಟೆ ಕಣೋ ಮಂಜ. ಸಾಲ 84 ಕಂತು. ಕ್ರೆಡಿಟ್ ಕಾರ್ಡಲ್ಲಿ ಗೋವಾ ಸುತ್ತಿ ಬಂದು ಬಿಲ್ಲಲ್ಲಿ ಮಿನಿಮಮ್ ಡ್ಯೂ ಅಂತ ಒಂಚೂರು ಮಾತ್ರ ಕಟ್ಟೋರನ್ನ ಎಷ್ಟು ನೋಡಿಲ್ಲ! ಉಳಿದಿದ್ದಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಬಿದ್ರೆ ವರ್ಷಕ್ಕೆ 42 ಆಯ್ತು. ಬೀಚಿನ ಫೋಟೊ ಹಾಕ್ತಾರೆ, ಬಡ್ಡಿದು ಹಾಕಲ್ಲ."

"ನನ್ನ ಪಾಡು ಕೇಳಿ" ಅಂದ ಮಂಜ. "ಮಗಳ ಮದ್ವೆಗೆ ಡ್ರೋನು, ಪ್ರೀ-ವೆಡ್ಡಿಂಗ್ ಶೂಟು..."

"ಮಂತ್ರಮಾಂಗಲ್ಯ ಮಾಡು" ಅಂದ ಶಿವು. "ಕುವೆಂಪು ಇದೇ ಊರಲ್ಲಿದ್ದು ಹೇಳಿಕೊಟ್ಟು ಹೋಗಿದಾರೆ. 1966ರಲ್ಲಿ ಮಗ ತೇಜಸ್ವಿ ಮದ್ವೇನೂ ಹಾಗೇ ಮಾಡಿಸಿದ್ರು."

"ಮಗಳು ಒಪ್ತಾಳೆ ಕಣೋ. ಬೀಗರು, 'ಹಾಗಾದ್ರೆ ನಮ್ಮ ನೆಂಟರು ಸ್ಟೇಟಸ್ಸಿಗೆ ಏನ್ ಹಾಕ್ಬೇಕು?' ಅಂತಾರೆ."

ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಫೋನನ್ನಾದರೂ ಆಫ್ ಮಾಡಬಹುದು, ಬೀಗರನ್ನು ಮಾಡೋಕಾಗುತ್ತಾ?

"ನನ್ನ ಲೆಕ್ಕ ಸಿಂಪಲ್ಲು" ಅಂದ ಶಿವು. "ಕಾರಿನ ಫೋಟೊ ಹಾಕಿದ್ರೆ ಮೊದಲು ಫೋನ್ ಮಾಡೋದು ಚೀಟಿಯವನು. ಆಮೇಲೆ ಕೈಗಡ ಕೇಳೋರು. ಕೊನೆಗೆ ಪಾರ್ಟಿ ಕೇಳೋರು."

(ಶಿವುದು ವೈರಾಗ್ಯವೇನಲ್ಲ, ಅರ್ಧಕ್ಕರ್ಧ ಜಿಪುಣತನ. ಆದರೂ ಇಂಥ ಜಿಪುಣರು ಬೀದಿಗೊಬ್ಬರಾದರೂ ಇರಬೇಕು.)

ಮಂಜ ಲೋಟ ಕೆಳಗಿಟ್ಟು ಕಾರಿಗೊಂದು ಸುತ್ತು ಹಾಕಿದ. ಬಾನೆಟ್ ತಟ್ಟಿದ. "ಚೆನ್ನಾಗಿದೆ ಕಣೋ. ಇವತ್ತು ಟೀ ದುಡ್ಡು ನಿಂದೇ. ಹಾಗೇ ನಾಲ್ಕು ಮದ್ದೂರು ವಡೆ ಹೇಳು."

ಶಿವು ನಮ್ಮ ಕಡೆ ತಿರುಗಿದ. "ನೋಡಿದ್ರಾ? ಸ್ಟೇಟಸ್ ಹಾಕದೇನೇ ಶುರುವಾಯ್ತು!"