ಹನ್ನೆರಡು ಜೆರ್ಸಿ, ಹದಿನೇಳು ಹುಡುಗರು: ಏಳನೇ ನಂಬರಿನವನನ್ನು ಎಂತ ಮಾಡುವುದು?

ಪ್ರಶ್ನೆ: ಬೆಂಚಿನ ಕೊನೆಯವ (ಬದಿಯಡ್ಕ, ಕೇರಳದ ಕಾಸರಗೋಡು ಜಿಲ್ಲೆ)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಾನು ಬ್ಯಾಂಕಿನಲ್ಲಿ ಕೌಂಟರ್ ಕೆಲಸದವ. ಸಂಜೆ ಐದಾದ ಮೇಲೆ ಸ್ಕೂಟರ್ ಹತ್ತಿ, ನಾನು ಓದಿದ ಕಾಲೇಜಿಗೇ ಹೋಗಿ ಬಾಸ್ಕೆಟ್‌ಬಾಲ್ ಹುಡುಗರಿಗೆ ಕಲಿಸುತ್ತೇನೆ. ಸಂಬಳ ಇಲ್ಲ. ಇದು ಮೂರನೇ ವರ್ಷ. ನಮ್ಮ ಕಡೆ ಕಬಡ್ಡಿ ಅಂದರೆ ಊರಿಗೆ ಊರೇ ಸೇರುತ್ತದೆ, ತೃಕ್ಕರಿಪುರದ ಕಡೆ ಹೋದರೆ ಫುಟ್‌ಬಾಲ್. ಬಾಸ್ಕೆಟ್‌ಬಾಲ್ ಅಂದರೆ "ಆ ಕಂಬಕ್ಕೆ ಬಲೆ ಕಟ್ಟಿದ ಆಟ ಅಲ್ವಾ" ಎಂದು ಕೇಳುವವರೇ ಜಾಸ್ತಿ. ಕೋರ್ಟು ಬಯಲಿನಲ್ಲಿ ಉಂಟು, ಸಿಮೆಂಟಿನದ್ದು. ಮಳೆಗಾಲ ಪೂರ್ತಿ ಪಾಚಿ. ಪ್ರಾಕ್ಟೀಸಿಗೆ ಮೊದಲು ಅರ್ಧ ಗಂಟೆ ಹಿಡಿಸೂಡಿ ಮತ್ತು ಬ್ಲೀಚಿಂಗ್ ಪೌಡರ್. ಆರೂಕಾಲಿಗೆ ಮುಳ್ಳೇರಿಯಾ ಕಡೆಯ ಬಸ್ಸು ಹಿಡಿಯುವವರು ಓಡುತ್ತಾರೆ. ಇಷ್ಟರೊಳಗೆ ಟೀಮು ಕಟ್ಟಬೇಕು.

ಈ ವರ್ಷ ಹದಿನೇಳು ಮಂದಿ ಬರುತ್ತಿದ್ದಾರೆ. ಸ್ಕೋರ್‌ಶೀಟಿನಲ್ಲಿ ಜಾಗ ಇರುವುದು ಹನ್ನೆರಡು ಹೆಸರಿಗೆ. ಕಳೆದ ವರ್ಷ ಆಡಿದ ಐವರು ಇದ್ದಾರೆ, ಮೂವರು ಕೊನೆ ವರ್ಷದವರು, ಇಬ್ಬರು ಎರಡನೇ ವರ್ಷದವರು. ಹೊರಗಿನಿಂದ ಬಂದವರು ಮೂವರು, ಮೂವರೂ ಪೀಜಿಗೆ ಸೇರಿದವರು. ಇಬ್ಬರು ಮಂಗಳೂರಿನಲ್ಲಿ ಡಿಗ್ರಿ ಮಾಡಿ ಬಂದದ್ದು, ಒಬ್ಬ ಕೋಟ್ಟಯಂ ಕಡೆಯ ಹುಡುಗ. ನಿಜ ಹೇಳುವುದಾದರೆ ಆಟ ಗೊತ್ತಿರುವುದು ಇವರಿಗೇ. ಉಳಿದ ಒಂಬತ್ತು ಮಂದಿ ಫಸ್ಟ್ ಇಯರ್. ಅದರಲ್ಲಿ ಒಬ್ಬ ಆರಡಿ ಮೂರಿಂಚು, ಇನ್ನೂ ಬೆಳೆಯುತ್ತಿದ್ದಾನೆ. ಇನ್ನೊಬ್ಬ ಕುಂಬಳೆಯ ಕಬಡ್ಡಿ ಹುಡುಗ. ಅಡ್ಡಕ್ಕೆ ಜಾರುವ ಅವನ ಕಾಲು ನೋಡಬೇಕು ಮಾರಾಯ್ರೆ! ಆದರೆ ಎದುರಿನವ ಹತ್ತಿರ ಬಂದರೆ ಕೈ ಹಿಡಿದೇ ಬಿಡುತ್ತಾನೆ. ಹತ್ತು ನಿಮಿಷದಲ್ಲಿ ಐದು ಫೌಲ್.

ತಲೆನೋವು ಇರುವುದು ಏಳನೇ ನಂಬರಿನವನದ್ದು. ಕೊನೆ ವರ್ಷ. ಐದಡಿ ಹತ್ತು, ಹಾರುವುದಿಲ್ಲ, ಒಂದು ಮೊಣಕಾಲಿಗೆ ಯಾವಾಗಲೂ ಪಟ್ಟಿ. ಕಳೆದ ವರ್ಷ ಒಂದು ಮ್ಯಾಚಿನಲ್ಲೂ ಹತ್ತು ಪಾಯಿಂಟ್ ದಾಟಿಲ್ಲ. ಬರೇ ಆಟ ನೋಡಿದರೆ ಹನ್ನೆರಡರಲ್ಲಿ ಬರುವುದೇ ಕಷ್ಟ. ಆದರೆ ಅವನು ಮಾತಾಡುತ್ತಾನೆ. ಸ್ಕ್ರೀನ್ (ದಾರಿಗೆ ಅಡ್ಡ ನಿಲ್ಲುವ ಎದುರಾಳಿ) ಯಾವ ಕಡೆಯಿಂದ ಬಂತು, ಯಾರು ಬಿಟ್ಟರು, ಯಾರು ಹಿಡಿಯಬೇಕು, ಎಲ್ಲ ಕೂಗಿ ಹೇಳುತ್ತಾನೆ. ಒಬ್ಬನಿಗೆ ತುಳುವಿನಲ್ಲಿ, ಒಬ್ಬನಿಗೆ ಕನ್ನಡದಲ್ಲಿ, ಮತ್ತೊಬ್ಬನಿಗೆ ಮಲಯಾಳದಲ್ಲಿ. ಕಳೆದ ವಾರ ಅವನು ಬಾರದ ದಿನ ಮಂಗಳೂರಿನವ ತುಳುವಿನಲ್ಲಿ ಕೂಗಿದ, ಕೋಟ್ಟಯಂನವನಿಗೆ ಒಂದು ಅಕ್ಷರ ತಿಳಿಯಲಿಲ್ಲ, ಸೀದಾ ಸ್ಕ್ರೀನಿಗೆ ಹೋಗಿ ಬಡಿದ. ತುಟಿ ಒಡೆಯಿತು.

ಇವನನ್ನು ಇಟ್ಟುಕೊಂಡರೆ ಒಬ್ಬ ಫಸ್ಟ್ ಇಯರ್ ಹುಡುಗ ಹೊರಗೆ. ಬಿಟ್ಟರೆ ಉಳಿದ ಹಳಬರ ಮುಖ ಹೇಗೆ ನೋಡುವುದು? ಟೀಮು ನಡೆಸಿದವರು ಹೇಳಿ. ಕಣ್ಣೂರು ಯೂನಿವರ್ಸಿಟಿಯ ಅಂತರ ಕಾಲೇಜು ಪಂದ್ಯಕ್ಕೆ ಹೆಸರು ಕೊಡಬೇಕು.

ಉತ್ತರ 1: ಹಳೇ ಪಾಯಿಂಟ್ ಗಾರ್ಡ್ (ಊರು ಮಂಜೇಶ್ವರ, ಈಗ ಮಂಗಳೂರು)

ಯಾರು ಒಳ್ಳೆಯವ, ಯಾರು ಅಲ್ಲ ಎಂಬ ಲೆಕ್ಕ ಆಮೇಲೆ. ಮೊದಲು ನಿಮಿಷದ ಲೆಕ್ಕ ಹಾಕಿ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂಗಳದಲ್ಲಿ ಐದು ಜನ. ಒಟ್ಟು 200 ನಿಮಿಷ. ನಿಮ್ಮ ಕೈಯಲ್ಲಿ ಹಂಚಲು ಇರುವುದು ಅಷ್ಟೇ. ಹನ್ನೆರಡು ಮಂದಿಗೆ ಹಂಚಲು ಹೋದರೆ ಪ್ರಸಾದ ಹಂಚಿದ ಹಾಗೆ ಆಗುತ್ತದೆ, ಯಾರಿಗೂ ಹೊಟ್ಟೆ ತುಂಬುವುದಿಲ್ಲ. ನಾನಾದರೆ ಹಳಬರಿಗೆ 90, ಹೊರಗಿನವರಿಗೆ 70, ಹೊಸಬರಿಗೆ 40 ಎಂದು ಕಾಗದದಲ್ಲಿ ಬರೆದು ಶುರು ಮಾಡುತ್ತೇನೆ. ಬದಲಾಗುತ್ತದೆ, ಆಗಲಿ.

ನಾನು ಅಮೆರಿಕದ ಕಾಲೇಜು ಆಟ ಬೆಳಿಗ್ಗೆ ಎದ್ದು ನೋಡುವ ಹುಚ್ಚ. ಅಲ್ಲಿ ನಿಮ್ಮ ಈ ಪ್ರಶ್ನೆಯೇ ಈಗ ದೊಡ್ಡ ವಿಷಯ. ಮೊದಲು ಕಾಲೇಜು ಬದಲಿಸಿದವ ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ, ಕಾಲೇಜು ಬದಲಿಸುವವರು ಹೆಸರು ಹಾಕುವ ಪಟ್ಟಿ, ಬಂತು, 2021ರಲ್ಲಿ ಒಂದು ಸಲ ಬದಲಿಸಿದರೆ ಕೂರುವುದು ಬೇಡ ಎಂದು ಮಾಡಿದರು, 2024ರಲ್ಲಿ ಎಷ್ಟು ಸಲ ಬದಲಿಸಿದರೂ ಆಡಬಹುದು ಎಂದಾಯಿತು. ಅದರ ನಡುವೆ ಕೋವಿಡ್ ವರ್ಷದವರಿಗೆ ಒಂದು ಸೀಸನ್ ಹೆಚ್ಚಿಗೆ ಸಿಕ್ಕಿತ್ತು. 23, 24 ವಯಸ್ಸಿನವರು 18ರ ಮಕ್ಕಳ ಎದುರು ಆಡಿದರು.

2024ರ ಕಾಲೇಜು ಫೈನಲಿನಲ್ಲಿ ಪರ್ಡ್ಯೂ ತಂಡವನ್ನು 75-60ರಲ್ಲಿ ಸೋಲಿಸಿದ ಕನೆಟಿಕಟ್‌ನ ಮೊದಲ ಐವರನ್ನು ನೋಡಿ. ಕರಬಾನ್ ಮತ್ತು ಕ್ಲಿಂಗನ್ ಹಿಂದಿನ ವರ್ಷವೂ ಅಲ್ಲೇ ಗೆದ್ದವರು. ಕ್ಯಾಮ್ ಸ್ಪೆನ್ಸರ್ ಆ ವರ್ಷವೇ ರಟ್ಗರ್ಸ್‌ನಿಂದ ಬಂದವ. ಸ್ಟೆಫನ್ ಕ್ಯಾಸಲ್ ಫಸ್ಟ್ ಇಯರ್. ಐದನೆಯವ ಟ್ರಿಸ್ಟನ್ ನ್ಯೂಟನ್, ಅವನೂ ಬೇರೆ ಕಡೆಯಿಂದ ಬಂದವನೇ, ಆದರೆ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಅವನನ್ನು ಹೊರಗಿನವ ಅಂತ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ನಿಮ್ಮ ಮೂವರೂ ಪೀಜಿಯವರಲ್ವಾ? ಎರಡು ವರ್ಷ ಇರುತ್ತಾರೆ. ಈ ವರ್ಷ ಹೊರಗಿನವರು, ಮುಂದಿನ ವರ್ಷ ನಿಮ್ಮ ಹಳಬರು ಅವರೇ. ಹಾಗಾಗಿ ಎಲ್ಲವನ್ನೂ ಈ ಸಲವೇ ಅವರ ತಲೆಗೆ ಕಟ್ಟಬೇಡಿ.

ಒಂದು ವ್ಯತ್ಯಾಸ ಉಂಟು. ಅಲ್ಲಿ 2021ರಿಂದ ಹುಡುಗರು ತಮ್ಮ ಹೆಸರಿನಲ್ಲಿ ಜಾಹೀರಾತಿನ ದುಡ್ಡು ಮಾಡಬಹುದು. ನಿಮ್ಮಲ್ಲಿ ಒಂದು ಪರೋಟ, ಒಂದು ಚಾಯ.

ಏಳನೆಯವನನ್ನು ಇಟ್ಟುಕೊಳ್ಳಿ. 12 ನಿಮಿಷ ಸಾಕು.

ಉತ್ತರ 2: ಚೌಕಿ ಬಾಗಿಲು (ಕುಂಬಳೆ)

ಬಾಸ್ಕೆಟ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಆದರೆ ಮೇಲಿನ ಪೋರ್ಟಲ್ ಕಥೆ ಓದಿ ನಗು ಬಂತು. ಅಮೆರಿಕದವರು 2018ರಲ್ಲಿ ಕಂಡುಹಿಡಿದದ್ದು ನಮ್ಮಲ್ಲಿ ಎಷ್ಟೋ ಕಾಲದಿಂದ ಉಂಟಲ್ಲ! ಯಕ್ಷಗಾನ ಮೇಳದವರು ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಗಾಲ ಪೂರ್ತಿ ಒಂದೇ ಮಾತು, ಯಾರು ಯಾವ ಮೇಳ ಬಿಟ್ಟರು, ಯಾವ ಮೇಳಕ್ಕೆ ಸೇರಿದರು, ಎಷ್ಟಕ್ಕೆ.

ಮೇಳದಲ್ಲಿ ಹೊಸ ಹುಡುಗನಿಗೆ ಮೊದಲ ರಾತ್ರಿಯೇ ಅರ್ಜುನನ ವೇಷ ಕಟ್ಟುವುದಿಲ್ಲ. ಕೋಡಂಗಿ, ಬಾಲಗೋಪಾಲ ಎಂದು ಕುಣಿದು ಕುಣಿದು ಮೇಲೆ ಬರಬೇಕು. ಅತಿಥಿ ಕಲಾವಿದರು ಬರುತ್ತಾರೆ, ಸಿಳ್ಳೆ ಅವರಿಗೇ. ಆದರೆ ಪದ್ಯ ಯಾವಾಗ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಜಾಗಟೆ ಹಿಡಿದು ಹಾಡುವ ಭಾಗವತರ ಕೈಯಲ್ಲಿ. ಭಾಗವತರು ಹಾರುತ್ತಾರಾ? ಗಿರಕಿ ಹೊಡೆಯುತ್ತಾರಾ? ನಿಮ್ಮ ಏಳನೇ ನಂಬರಿನವ ಭಾಗವತ ಮಾರಾಯ್ರೆ. ಅವನಿಗೆ ವೇಷ ಕಟ್ಟಿಸಲು ಹೋಗಿ ಪಾಯಿಂಟ್ ಎಣಿಸುತ್ತಾ ಕೂತಿದ್ದೀರಿ.

ಉತ್ತರ 3: ಹದಿಮೂರನೆಯವ (ನೀರ್ಚಾಲು)

ಮೇಲಿನವರಿಬ್ಬರೂ ಚಂದ ಬರೆದಿದ್ದಾರೆ. ನಾನು ಆ ಕಡೆಯಿಂದ ಹೇಳುತ್ತೇನೆ, ಬಿಟ್ಟುಹೋದವನ ಕಡೆಯಿಂದ.

ಕಾಲೇಜಿನ ಹೆಸರು ಬೇಡ. ಕೊನೆ ವರ್ಷದಲ್ಲಿ ನನ್ನನ್ನು ಕೈಬಿಟ್ಟರು. ಕೈಬಿಟ್ಟದ್ದಕ್ಕೆ ಬೇಜಾರಿಲ್ಲ, ನನ್ನ ಜಾಗಕ್ಕೆ ಬಂದ ಇಬ್ಬರೂ ನನಗಿಂತ ಚೆನ್ನಾಗಿ ಆಡುತ್ತಿದ್ದರು. ಬೇಜಾರು ಯಾಕೆಂದರೆ ಹೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ಶೂ ಹಾಕಿಕೊಂಡು ವ್ಯಾನಿನ ಹತ್ತಿರ ಬಂದೆ. ಲಿಸ್ಟ್ ಓದಿದರು. ಹನ್ನೆರಡು ಹೆಸರಾಯಿತು, ವ್ಯಾನ್ ಹೋಯಿತು. ಅಮ್ಮ ಕಟ್ಟಿಕೊಟ್ಟ ಇಡ್ಲಿ ಅಲ್ಲೇ ಬಸ್‌ಸ್ಟಾಂಡಿನಲ್ಲಿ ಕೂತು ತಿಂದೆ. ಆಮೇಲೆ ಬಾಲ್ ಮುಟ್ಟಿದ್ದು ನಾಲ್ಕು ವರ್ಷ ಬಿಟ್ಟು.

2012ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಕೆಂಟಕಿ ತಂಡದ ಬಗ್ಗೆ ಎಲ್ಲರೂ ಆಂಥನಿ ಡೇವಿಸ್ ಎನ್ನುತ್ತಾರೆ. ಮೂವರು ಫಸ್ಟ್ ಇಯರ್ ಹುಡುಗರು ಮೊದಲ ಐದರಲ್ಲಿ ಇದ್ದ ಟೀಮದು. ಅದರಲ್ಲಿ ಡೇರಿಯಸ್ ಮಿಲ್ಲರ್ ಅಂತ ಒಬ್ಬ ಕೊನೆ ವರ್ಷದವ ಇದ್ದ. ಅದೇ ರಾಜ್ಯದ ಹುಡುಗ. ಹೆಚ್ಚಿನ ಆಟಗಳಲ್ಲಿ ಬೆಂಚಿನಿಂದ ಎದ್ದು ಬಂದ. ನಾನು ಅವನ ಆಟ ಈಗಲೂ ಹುಡುಕಿ ನೋಡುತ್ತೇನೆ.

ಅಣ್ಣಾ, ಇಟ್ಟುಕೊಳ್ಳಿ ಅಥವಾ ಬಿಡಿ. ಲಿಸ್ಟ್ ಕೊಡುವ ಮೊದಲು ಅವನನ್ನು ಒಬ್ಬನನ್ನೇ ಕರೆದು ಹೇಳಿ. ಎಷ್ಟು ನಿಮಿಷ, ಯಾವ ಕೆಲಸ ಎಂದು ಅಂಕೆಯಲ್ಲಿ ಹೇಳಿ. "ನೋಡೋಣ" ಅನ್ನಬೇಡಿ. "ನೋಡೋಣ" ಅಂದದ್ದನ್ನು ನಾನು ಎರಡು ತಿಂಗಳು ನಂಬಿದ್ದೆ.

ಉತ್ತರ 4: ಪಿ.ಟಿ. ಟೀಚರ್ (ಹೆಣ್ಮಕ್ಕಳ ಟೀಮು)

ಹದಿನೇಳು ಮಂದಿಯಾ? ನನ್ನ ಹತ್ತಿರ ಏಳು ಮಂದಿ ಇದ್ದಾರೆ, ಅದರಲ್ಲಿ ಒಬ್ಬಳಿಗೆ ಅಕ್ಕನ ಮದುವೆ. ನಿಮ್ಮ ಕಷ್ಟ ನಮಗೆ ಕೊಡಿ.

ಎರಡು ವಿಷಯ ಹೇಳುತ್ತೇನೆ. ಕಬಡ್ಡಿ ಹುಡುಗನನ್ನು ಕ್ವಾರ್ಟರಿನ ಶುರುವಿಗೆ ಇಳಿಸಿ. ಒಂದು ಕ್ವಾರ್ಟರಿನಲ್ಲಿ ಟೀಮಿನ ನಾಲ್ಕು ಫೌಲ್ ಆಗುವವರೆಗೆ ಅವನ ಕೈ ಹಿಡಿತದಿಂದ ನಷ್ಟ ಕಡಿಮೆ, ಎದುರಿನವರಿಗೆ ಬದಿಯಿಂದ ಬಾಲ್ ಸಿಗುತ್ತದೆ, ಅಷ್ಟೇ. ಐದನೆಯದರಿಂದ ಎರಡು ಫ್ರೀ ಥ್ರೋ. ನಾಲ್ಕು ಆದ ಕೂಡಲೇ ಅವನನ್ನು ಹೊರಗೆ ತೆಗೆದು ಏಳನೇ ನಂಬರಿನವನನ್ನು ಕಳಿಸಿ. ಮಾತಾಡುವವ ಬೇಕಾಗುವುದು ಆಗಲೇ. ಪ್ರಾಕ್ಟೀಸಿನಲ್ಲಿ ಕಬಡ್ಡಿಯವನ ಎರಡು ಕೈಗೂ ಟೆನಿಸ್ ಬಾಲ್ ಕೊಟ್ಟು ಡಿಫೆನ್ಸ್ ಆಡಿಸಿ. ಹಿಡಿಯಲು ಕೈ ಖಾಲಿ ಇರುವುದಿಲ್ಲ. ನಾನು ಒಬ್ಬಳಿಗೆ ಮಾಡಿ ನೋಡಿದ್ದೇನೆ, ಒಂದು ತಿಂಗಳಲ್ಲಿ ಸರಿಯಾದಳು.

ಎರಡನೆಯದು, ನಿಮ್ಮ ಸೆಕೆಂಡ್ ಇಯರಿನ ಇಬ್ಬರು. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದದ್ದು 2024ರಲ್ಲಿ. ಅವರು ಆ ಮೊದಲ ಬ್ಯಾಚಿನವರು. 2027ರಲ್ಲಿ ಮೂರು ವರ್ಷ ಮುಗಿಸಿ ಹೋಗಬಹುದು, ಆನರ್ಸ್ ಮಾಡಿದರೆ 2028ರವರೆಗೆ ಇರಬಹುದು. ಕರ್ನಾಟಕದಲ್ಲಿ ಅದೇ ವರ್ಷ ನಾಲ್ಕು ವರ್ಷದ್ದನ್ನು ಬಿಟ್ಟು ಪುನಃ ಮೂರಕ್ಕೆ ಬಂದರು, ಅಂದರೆ ತಲಪಾಡಿ ಗಡಿಯ ಆಚೆ ಹೋದ ನಮ್ಮ ಮಕ್ಕಳು ಮೂರನೇ ವರ್ಷಕ್ಕೇ ಖಾಲಿ. ಪೀಜಿಗೆ ಈ ಕಡೆ ಬರುವವರು ಇರುತ್ತಾರೆ. ಹಾಗಾಗಿ ಇಬ್ಬರನ್ನೂ ಈಗಲೇ ಕೇಳಿ, ನಾಲ್ಕನೇ ವರ್ಷ ಇರುತ್ತೀರಾ ಎಂದು. ಅವರು ಇರುತ್ತಾರೆ ಅಂದರೆ ಆರಡಿ ಮೂರಿಂಚಿನವನನ್ನು ಅವಸರ ಮಾಡಿ ಇಳಿಸುವುದು ಬೇಡ. ಬೆಳೆಯುವ ಮಂಡಿಗೆ ಸಿಮೆಂಟ್ ಕೋರ್ಟು ಒಳ್ಳೆಯದಲ್ಲ.

ಅಂದಹಾಗೆ ಮೂರು ಭಾಷೆ ಯಾಕೆ? ಎಂಟು ಶಬ್ದ ಆರಿಸಿ, ಎಲ್ಲರಿಗೂ ಒಂದೇ ಮಾಡಿ.

ಪ್ರಶ್ನೆ ಕೇಳಿದವರ ಮರು ಉತ್ತರ: ಬೆಂಚಿನ ಕೊನೆಯವ

ತಡವಾಯಿತು, ತಿಂಗಳ ಕೊನೆ, ಬ್ಯಾಂಕಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ.

ಹದಿಮೂರನೆಯವರು ಬರೆದದ್ದು ಓದಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಬಸ್ಸಿಗೆ ಕಾಯುವಾಗ ಏಳನೆಯವನನ್ನು ಚಾಯ ಅಂಗಡಿಗೆ ಕರೆದೆ. "ಈ ಸಲ ನೀನು ಮೊದಲ ಐದರಲ್ಲಿ ಇಲ್ಲ" ಅಂದೆ. ಅವನು ಗ್ಲಾಸು ಕೆಳಗಿಟ್ಟ. "ಎಷ್ಟು ನಿಮಿಷ ಅಣ್ಣಾ?" ಅಂದ. 12 ಅಂದೆ. "ಯಾವ 12?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ! ಟೀಚರ್ ಹೇಳಿದ್ದು ನೆನಪಾಗಿ, ಪ್ರತಿ ಕ್ವಾರ್ಟರಿನ ಕೊನೆಯ ಮೂರು ಅಂದೆ. ನಾಲ್ಕು ಮೂರಲೆ ಹನ್ನೆರಡು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಉದ್ದದವನು ನನ್ನ ಪಕ್ಕ ಕೂರಲಿ, ಬೇರೆ ಎಲ್ಲೂ ಬೇಡ" ಅಂದ. ಬಸ್ಸು ಬಂತು, ಹತ್ತಿ ಹೋದ. ಚಾಯ ಅರ್ಧ ಉಳಿದಿತ್ತು.

ಮೊನ್ನೆ ನಮ್ಮೊಳಗೇ ಒಂದು ಪೂರ್ತಿ ಮ್ಯಾಚ್ ಆಡಿಸಿದೆ. 90-70-40 ನಡೆಯಲಿಲ್ಲ. ಪೀಜಿಯವರದ್ದು 85ರ ಹತ್ತಿರ ಹೋಯಿತು, ಅವರನ್ನು ಹೊರಗೆ ತೆಗೆಯಲು ನನಗೇ ಧೈರ್ಯ ಬರುವುದಿಲ್ಲ, ಅದು ನನ್ನ ರೋಗ. ಕಬಡ್ಡಿಯವನಿಗೆ ಮೂರು ಫೌಲ್ ಮಾತ್ರ. ಟೆನಿಸ್ ಬಾಲಿಗೆ ಮೊದಲ ದಿನ ಎಲ್ಲರೂ ನಕ್ಕರು, ಈಗ ಇನ್ನಿಬ್ಬರು ತಾವೇ ಕೇಳಿ ತೆಗೆದುಕೊಳ್ಳುತ್ತಿದ್ದಾರೆ.

ಎಂಟು ಶಬ್ದದ ವಿಷಯದಲ್ಲಿ ಜಗಳವೇ ಆಯಿತು. ಯಾವ ಭಾಷೆ ಎಂದು ಇಪ್ಪತ್ತು ನಿಮಿಷ. ಕಡೆಗೆ ಏಳನೆಯವನೇ ಪಟ್ಟಿ ಮಾಡಿದ, ಮೂರು ತುಳು, ಮೂರು ಮಲಯಾಳ, ಎರಡು ಕನ್ನಡ. ಕೋಟ್ಟಯಂ ಹುಡುಗ ತುಳು ಶಬ್ದಗಳನ್ನು ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡು ಬಂದಿದ್ದ. ಬೆವರಿಗೆ ಅಳಿಸಿಹೋಯಿತು, ಬಾಲಿಗೆಲ್ಲ ನೀಲಿ ಬಣ್ಣ.

ಹನ್ನೊಂದು ಹೆಸರು ಬರೆದಾಯಿತು. ಹನ್ನೆರಡನೆಯದಕ್ಕೆ ಇಬ್ಬರು ಫಸ್ಟ್ ಇಯರಿನವರ ನಡುವೆ ನಿಂತಿದೆ, ಒಬ್ಬ ಎಡಗೈಯವ, ಇನ್ನೊಬ್ಬ ದಿನಾ ಎಲ್ಲರಿಗಿಂತ ಮೊದಲು ಬಂದು ಕೋರ್ಟು ಗುಡಿಸುವವ. ಗುರುವಾರ ಸಂಜೆ ಲಿಸ್ಟ್ ಕೊಡಬೇಕು. ಯಾರು ಉಳಿದರೂ ಬುಧವಾರವೇ ಕರೆದು ಹೇಳುತ್ತೇನೆ, ಚಾಯ ನನ್ನದು.